ಹತ್ತು ಬೆರಳು, ಒಂದೂ ಗೆರೆಯಿಲ್ಲ

ಸರ್ಕಾರದ ಅರ್ಜಿಯೆಂದರೆ ಜನ ಯಾಕೆ ಹೆದರುತ್ತಾರೋ ನನಗೆ ತಿಳಿಯುತ್ತಿರಲಿಲ್ಲ. ನಾನು ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವನು, ನಿಜ. ಆದರೆ ಗಜೇಂದ್ರಗಡದ ಮೇದಾರ ಓಣಿಯಲ್ಲಿ ಕೂತು ನಾನು ಹೆಣೆದ ಬಿದಿರಿನ ಬುಟ್ಟಿಗಳು ರೋಣ, ನರಗುಂದದ ಸಂತೆಗಳಲ್ಲಿ ಎಲ್ಲಕ್ಕಿಂತ ಮೊದಲು ಖಾಲಿಯಾಗುತ್ತವೆ. ಅಂಥವನಿಗೆ ಒಂದು ಹಾಳೆ ಯಾವ ಲೆಕ್ಕ!

ಪರಿಶಿಷ್ಟ ಪಂಗಡದ ಕುಲಕಸುಬುದಾರರಿಗೆ ಬಿದಿರು ಸೀಳುವ ಯಂತ್ರವನ್ನು ಪುಕ್ಕಟೆ ಕೊಡುತ್ತಾರೆಂಬ ಸುದ್ದಿ ಬಂತು. ನನ್ನ ಬಲಗೈ ರಟ್ಟೆ ಸೋತು ಹೋಗಿತ್ತು. ಯಂತ್ರ ಬರದಿದ್ದರೆ ಕಸುಬೇ ನಿಲ್ಲುವ ಹಾಗಿತ್ತು. ಹೆಂಡತಿ ಯಲ್ಲವ್ವನಿಗೆ ಘನವಾಗಿ ಹೇಳಿದೆ: "ಪಡಸಾಲ್ಯಾಗ ಜಾಗಾ ಮಾಡ. ಯಂತ್ರ ಬಂತಂತ ತಿಳಿ."

ಅರ್ಜಿ ಕೇಂದ್ರದ ಅಕ್ಕೋರು ಎಲ್ಲ ತುಂಬಿ, ಬೆರಳಚ್ಚಿನ ಡಬ್ಬಿಯನ್ನು ಮುಂದೆ ಸರಿಸಿದರು. ಹೆಬ್ಬೆರಳು ಒತ್ತಿದೆ. ಕೆಂಪು ದೀಪ. ತೋರುಬೆರಳು. ಕೆಂಪು. ಹತ್ತೂ ಬೆರಳು ಮುಗಿದವು. ಕೆಂಪೇ!

"ಯಜಮಾನ್ರ, ನಿಮ್ಮ ಬೆರಳಿನ ಗೆರಿ ಎಲ್ಲಿ ಹೋದವ್ರಿ?"

"ಮೂವತ್ತು ವರ್ಷ ಬಿದಿರು ಸೀಳೀನ್ರಿ ಅಕ್ಕೋರ. ಎಲ್ಲಾ ಸವದು ಹೋಗ್ಯಾವು."

"ಹಂಗಾರ ಅರ್ಜಿ ಮುಂದ ಕಳಸಿರ್ತೀನಿ, ಬೆರಳಚ್ಚು ಆಮ್ಯಾಲ ಕೊಡ್ರಿ. ಎಂಟು ದಿನ ಕತ್ತಿ ಮುಟ್ಟಬ್ಯಾಡ್ರಿ. ಮುಂಜಾನಿ ಸಂಜಿ ಬೆಣ್ಣಿ ಹಚ್ಚರಿ. ಗೆರಿ ಮೂಡ್ತಾವು."

ದುಡಿಮೆಗೆ ಸಹಾಯ ಬೇಕೆಂದರೆ ಮೊದಲು ದುಡಿಮೆ ಬಿಡಬೇಕು! ಹಲ್ಲು ಕಡಿಯುತ್ತ ಮನೆಗೆ ಬಂದೆ. ಚಿಕ್ಕನರಗುಂದದ ಮದುವೆ ಮನೆಯವರು ಬೇರೆ ರೊಟ್ಟಿ ಬುಟ್ಟಿಗಳನ್ನು ಹೇಳಿ ಹೋಗಿದ್ದರು.

"ಅವನ್ನ ಯಾರು ಮಾಡಬೇಕ್ರಿ?" ಎಂದಳು ಯಲ್ಲವ್ವ.

"ನೀನ" ಎಂದೆ, ಬೆರಳಿಗೆ ಬೆಣ್ಣೆ ಸವರುತ್ತ. ಅವಳು ನೋಡಿದ ನೋಟವನ್ನು ಬರೆಯುವಷ್ಟು ನಾನು ಓದಿಲ್ಲ.

ಅಂದಿನಿಂದ ನನ್ನ ರಾಜಭೋಗ ಶುರುವಾಯಿತು. ಕೈ ಮೇಲೆತ್ತಿಕೊಂಡು ಕಟ್ಟೆಯ ಮೇಲೆ ಕೂಡುವುದು. ಅವಳು ರೊಟ್ಟಿ ಮುರಿದು ಬಾಯಿಗಿಡುವುದು. ಓಣಿಯ ಬೆಕ್ಕುಗಳೆಲ್ಲ ನನ್ನ ಸುತ್ತ ಸಭೆ ಸೇರುವುದು.

"ಏನ್ ಮಾವಾ, ಮದುಮಗಳಾಗಿ ಕುಂತೀರಲ್ಲ! ಮದರಂಗಿ ಆರಲಿಲ್ಲೇನು?" ಎಂದ ಪಕ್ಕದ ಮನೆಯ ಹನಮಪ್ಪ.

"ನಿಮ್ಮ ಮನ್ಯಾಗ ಬೆಣ್ಣಿ ಐತೇನ ಹೇಳು. ಇಲ್ಲಾಂದ್ರ ಸುಮ್ನ ಹೋಗು!"

ಏಳನೆಯ ದಿನ ಹೇಳದೆ ಕೇಳದೆ ಪರಿಶೀಲನೆಯ ಸಾಹೇಬರು ಬಂದೇಬಿಟ್ಟರು. "ಅರ್ಜಿ ಹಾಕಿದ ಕಸುಬುದಾರರು ಯಾರ್ರಿ?"

"ನಾನ್ರೀ!" ಎಂದು ಎರಡೂ ಕೈ ಎತ್ತಿದೆ. ಬೆಣ್ಣೆ ತೊಟ್ಟಿಕ್ಕಿತು. ನೇರವಾಗಿ ಸಾಹೇಬರ ಬೂಟಿನ ಮೇಲೆ.

ಅವರು ನನ್ನನ್ನು ನೋಡಿದರು. ಬೆವರಿಳಿಸುತ್ತ ಬಿದಿರು ಸೀಳುತ್ತಿದ್ದ ಯಲ್ಲವ್ವನನ್ನು ನೋಡಿದರು. "ಒಂದು ಬಿದಿರು ಸೀಳಿ ತೋರಸ್ರಿ" ಎಂದರು.

ಮೂವತ್ತು ವರ್ಷದ ಅಭಿಮಾನ ಎದ್ದು ನಿಂತಿತು. ಕೈ ಒರೆಸಿದೆ. ಏಳು ದಿನದ ಬೆಣ್ಣೆ ಒಂದು ಸಲ ಒರೆಸಿದರೆ ಹೋದೀತೆ? ಕತ್ತಿ ಜಾರಿತು, ಹಾರಿತು, ಆಗಷ್ಟೇ ಮುಗಿದ ರೊಟ್ಟಿ ಬುಟ್ಟಿಯನ್ನು ಎರಡು ಹೋಳು ಮಾಡಿತು. ಬಿದಿರಿಗೆ ಒಂದು ಗೀರೂ ಬೀಳಲಿಲ್ಲ!

ಯಲ್ಲವ್ವ ಬೆರಳಿಗೆ ಅರಿವೆ ಸುತ್ತಿಕೊಂಡು ಒಂದೇ ಏಟಿಗೆ ಅದನ್ನು ಸೀಳಿ ಇಟ್ಟಳು. "ಹಿಂಗ ಅರಿವಿ ಸುತ್ಕೋಬೇಕ್ರಿ ಸಾಹೇಬ್ರ. ಇವರಿಗೆ ಹೇಳಿದ್ರ, ಅದು ಹೊಸಬರ ಕೆಲಸ ಅಂತಾರ."

ಸಾಹೇಬರು ಬರೆದುಕೊಂಡರು: 'ಅರ್ಜಿದಾರರಿಗೆ ಕಸುಬು ಬರುವುದಿಲ್ಲ. ಪತ್ನಿಗೆ ಬರುತ್ತದೆ.'

ಮರುದಿನ ಅವಳ ಹೆಸರಿನಲ್ಲಿ ಹೊಸ ಅರ್ಜಿ. ಅವಳು ಹೆಬ್ಬೆರಳು ಒತ್ತಿದಳು. ಹಸಿರು!

"ನಿಮ್ಮ ದುಡಿಮಿ ಮ್ಯಾಲ ಇರೋ ಅವಲಂಬಿತರು ಎಷ್ಟು ಮಂದಿರಿ?" ಎಂದರು ಅಕ್ಕೋರು.

"ಒಬ್ರ ರೀ. ಇಲ್ಲೇ ನಿಂತಾರ ನೋಡ್ರಿ."

"ಹಂಗಾರ ಯಜಮಾನ್ರೂ ಒಂದ್ಸಲ ಬೆರಳು ಒತ್ತರಿ."

ಒತ್ತಿದೆ. ಮೊದಲ ಸಲಕ್ಕೇ ಹಸಿರು ದೀಪ! ಮೂವತ್ತು ವರ್ಷ ದುಡಿದವನ ಗುರುತು ಸಿಗದ ಆ ಡಬ್ಬಿ, ಎಂಟು ದಿನ ಕೂತು ಉಂಡವನನ್ನು ಕ್ಷಣದಲ್ಲಿ ಗುರುತು ಹಿಡಿಯಿತು.