ಮೆಲ್ನಿಕ್ ಮೇಷ್ಟ್ರ ಮ್ಯೂಸಿಯಂ

ಎಲ್ಲ ರಾದ್ಧಾಂತಕ್ಕೂ ಮೂಲ ಒಂದು ನಿಂಬೆಹಣ್ಣು. ನಾನೂರು ವರ್ಷಗಳ ಹಿಂದೆ ಹಾಲೆಂಡಿನ ಯಾರೋ ಪುಣ್ಯಾತ್ಮ ಅದನ್ನು ಅರ್ಧ ಸಿಪ್ಪೆ ಸುಲಿದ ಹಾಗೆ ಚಿತ್ರಿಸಿಟ್ಟಿದ್ದ. ನೋಡಿದವರ ಕೈ ಸುಮ್ಮನಿರುತ್ತಿರಲಿಲ್ಲ.

ಸಸ್ಕಾಚೆವಾನ್ ಪ್ರಾಂತ್ಯದ ಗೋಧಿ ಬಯಲಿನ ನಡುವಿನ ನಮ್ಮೂರ ಶಾಲೆಯಲ್ಲಿ ಓರೆಸ್ಟ್ ಮೆಲ್ನಿಕ್ ಮೇಷ್ಟ್ರು ಕಲಾ ಇತಿಹಾಸ ಹೇಳುತ್ತಿದ್ದರು. ಆ ಚಳಿಗಾಲ ಅವರಿಗೆ ಒಂದು ಪೆಟ್ಟಿಗೆ ತುಂಬ ವಿ.ಆರ್. ಕನ್ನಡಕಗಳು ಪ್ರಯೋಗಕ್ಕೆಂದು ಬಂದಿದ್ದವು. ಕಣ್ಣಿಗೆ ಕಟ್ಟಿಕೊಂಡರೆ ತರಗತಿ ಮಾಯವಾಗಿ ಹಾಲೆಂಡಿನ ಮ್ಯೂಸಿಯಂ ಕಾಣುತ್ತಿತ್ತು. ಚಿತ್ರ ಮುಟ್ಟಹೋದರೆ ಕನ್ನಡಕ ಕಟ್ಟಿದವರೆಲ್ಲರ ಕಿವಿಯಲ್ಲೂ ಗಂಟೆ ಬಡಿದುಕೊಳ್ಳುತ್ತಿತ್ತು. ಗೋಧಿ ಉಗ್ರಾಣಕ್ಕಿಂತ ದೊಡ್ಡ ಕಟ್ಟಡ ಕಾಣದ ಮಕ್ಕಳು ಬಾಯಿಬಿಟ್ಟು ನಿಲ್ಲುವುದನ್ನು ಕಂಡು ಮೇಷ್ಟ್ರಿಗೆ ಸಂತೋಷಕ್ಕೆ ಕಣ್ಣು ಒದ್ದೆಯಾಗಿತ್ತು. ಪೆಟ್ಟಿಗೆ ಇಲ್ಲೇ ಉಳಿಯಬೇಕು, ಅವರಿಗೆ ಬೇಕಾದದ್ದು ಅಷ್ಟೇ. ಅದನ್ನು ತೀರ್ಮಾನಿಸಲು ಶಿಕ್ಷಣ ಮಂಡಳಿಯ ಬೆರಿಲ್ ಫ್ರೀಸೆನ್ ಮೇಡಂ ಒಂದು ದಿನ ಮಧ್ಯಾಹ್ನ ಬರುವವರಿದ್ದರು.

ಅಂದು ಬೆಳಿಗ್ಗೆ ಮೇಷ್ಟ್ರು ಒಂದು ತಾಲೀಮು ನಡೆಸಿದರು. ಎಲ್ಲರೂ ನಿಂಬೆಹಣ್ಣಿನ ಮುಂದಿದ್ದಾಗ ಗಂಟೆ ಹೊಡೆಯಿತು. ಯಾರೋ ಚಿತ್ರ ಮುಟ್ಟಿದರೆಂದು ತಿಳಿದು ಮೇಷ್ಟ್ರು, ಕೈ ಬೆನ್ನ ಹಿಂದೆ ಕಟ್ಟಿ ನಿಂತಲ್ಲೇ ನಿಲ್ಲಿ ಎಂದು ಗದರಿದರು. ಮಕ್ಕಳು ಕಂಬಗಳಾದರು. ಆದರೆ ಹೊಡೆದದ್ದು ಶಾಲೆಯ ಗಂಟೆ. ಬೆಂಕಿ ಬಿದ್ದರೆ ಹೊರಗೋಡುವ ಕವಾಯತು ಅಂದೇ ಇತ್ತು. ಶಾಲೆಗೆ ಶಾಲೆಯೇ ಹಿಮದಲ್ಲಿ ಸಾಲುಗಟ್ಟಿ ನಿಂತಿತ್ತು, ಇವರ ತರಗತಿಯೊಂದನ್ನು ಬಿಟ್ಟು. ಗಣಿತದ ಡುವಾಲ್ ಮೇಷ್ಟ್ರು ಬಂದು ತೋಳು ಹಿಡಿದೆಳೆದರೆ, ಇವರು ಮ್ಯೂಸಿಯಮ್ಮಿನ ಕಾವಲುಗಾರನೆಂದು ತಿಳಿದು ಕ್ಷಮೆ ಕೇಳಿದರು.

ಮುಖ್ಯೋಪಾಧ್ಯಾಯಿನಿ ಪ್ರಾಟ್ ಕೋಣೆಗೆ ಕರೆಸಿ ಚೆನ್ನಾಗಿ ಝಾಡಿಸಿದರು. "ನಿಜವಾದ ಬೆಂಕಿ ಆಗಿದ್ರೆ ನಿಮ್ಮ ಮಕ್ಕಳು ಇಷ್ಟೊತ್ತಿಗೆ ಸುಟ್ಟ ಆಲೂಗಡ್ಡೆ ಆಗಿರೋರು. ಇನ್ನೊಂದ್ಸಲ ಗಂಟೆ ಕೇಳಿಸಿದ್ರೆ ಯೋಚನೆ ಮಾಡೋಕೆ ಹೋಗ್ಬೇಡಿ ಮೆಲ್ನಿಕ್ ಅವರೇ, ಓಡಿ."

ಊಟದ ಹೊತ್ತಿನಲ್ಲಿ ಡುವಾಲ್ ಎಲ್ಲರೆದುರು ಕೇಳಿದರು: "ಏನ್ರೀ, ಹಾಲೆಂಡಿಂದ ಬರೋ ವಿಮಾನ ತಡವಾಯ್ತಾ?"

ಮಧ್ಯಾಹ್ನ ಫ್ರೀಸೆನ್ ಮೇಡಂ ಬಂದರು, ಕನ್ನಡಕ ಕಟ್ಟಿಕೊಂಡರು, ನಿಂಬೆಹಣ್ಣಿನ ಮುಂದೆ ನಿಂತರು. ಮೇಷ್ಟ್ರು ಬಣ್ಣದ ವಿಚಾರ ಶುರುಮಾಡಿದ್ದರಷ್ಟೇ, ಗಂಟೆ ಹೊಡೆಯಿತು. ಮೇಷ್ಟ್ರು ಯೋಚಿಸಲಿಲ್ಲ. ಕನ್ನಡಕ ಕಿತ್ತೆಸೆದು, ಮಕ್ಕಳ ತಲೆಯಿಂದಲೂ ಕೀಳಿಸಿ, ಕೋಟನ್ನೂ ಹಾಕಗೊಡದೆ ಸಾಲಾಗಿ ಅಂಗಳಕ್ಕೆ ಅಟ್ಟಿದರು. ಮೂಗಿನ ತುದಿ ಕಲ್ಲಾಗುವ ಚಳಿ. ಬೇರೆ ಯಾವ ತರಗತಿಯೂ ಬರಲಿಲ್ಲ.

ಡುವಾಲ್ ಕಿಟಕಿಯಿಂದ ತಲೆ ಹೊರಗೆ ಹಾಕಿದರು. ಇಲ್ಲಿ ಯಾವ ಗಂಟೆಯೂ ಹೊಡೆದಿಲ್ಲ ಎಂದರು. ಆಮೇಲೆ, "ಅದ್ಸರಿ, ಮೇಡಂ ಎಲ್ಲಿ?" ಎಂದರು.

ಮೇಷ್ಟ್ರು ತಿರುಗಿ ನೋಡಿದರು, ಮೇಡಂ ಸಾಲಿನಲ್ಲಿರಲಿಲ್ಲ. ಮಕ್ಕಳನ್ನು ಕರೆದುಕೊಂಡು ಬೆಕ್ಕಿನ ಹೆಜ್ಜೆಯಲ್ಲಿ ಒಳಗೆ ನುಸುಳಿದರೆ, ಖಾಲಿ ಕೋಣೆಯ ನಡುವೆ ಮೇಡಂ ಒಬ್ಬರೇ ಗಾಳಿಯಲ್ಲಿ ನಿಂಬೆಹಣ್ಣಿನ ಸಿಪ್ಪೆ ಹಿಡಿಯಲು ಹೆಣಗುತ್ತಿದ್ದರು. ಮಕ್ಕಳು ಹಲ್ಲು ಕಟಕಟಿಸುತ್ತ ತಮ್ಮ ತಮ್ಮ ಜಾಗದಲ್ಲಿ ನಿಂತದ್ದೇ ತಡ, ಮೇಡಂ ಕನ್ನಡಕ ತೆಗೆದರು. ಅವರ ಮುಖ ಅರಳಿತ್ತು.

"ಎಂಥ ಶಿಸ್ತು ಮೆಲ್ನಿಕ್ ಅವರೇ. ಅಷ್ಟೊತ್ತು ಗಂಟೆ ಬಡ್ಕೊಂಡ್ರೂ ಒಂದು ಮಗು ಪಿಟ್ಟೆನ್ನಲಿಲ್ಲ. ಕೋಣೆಲಿ ನಾನೊಬ್ಳೇ ಇದೀನೇನೋ ಅನ್ನಿಸ್ತು."

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು.

"ಇಂಥ ಮಕ್ಕಳಿಗೆ ಇದ್ಯಾಕೆ ಹೇಳಿ? ಪಕ್ಕದೂರಿನ ಶಾಲೆಲಿ ಮಕ್ಕಳು ಮೇಷ್ಟ್ರ ತಲೆ ಮೇಲೇ ಕೂತಿದಾವೆ. ಪೆಟ್ಟಿಗೆ ಅಲ್ಲಿಗೆ ಹೋಗ್ಲಿ, ಅವೂ ಸ್ವಲ್ಪ ತಣ್ಣಗಾಗ್ಲಿ. ನೀವು ಬರೀ ಪುಸ್ತಕ ಹಿಡಿದೇ ಪಾಠ ಮಾಡ್ತೀರಿ ಬಿಡಿ."

ಮೇಷ್ಟ್ರು ಬಾಯಿ ತೆರೆದರು. ಮಕ್ಕಳು ಕೋಣೆಯಲ್ಲಿ ಇರಲೇ ಇಲ್ಲ ಎಂದರೆ ಪೆಟ್ಟಿಗೆ ಉಳಿಯುತ್ತಿತ್ತು. ಎಲ್ಲಿದ್ದರು ಎಂದು ಮೇಡಂ ಕೇಳಿದರೆ, ಬೆಂಕಿ ಬಿತ್ತೆಂದು ಹೊರಗೋಡಿದ್ದರು ಎನ್ನಬೇಕು. ಹಾಗಾದರೆ ನನ್ನೊಬ್ಬಳನ್ನು ಬೆಂಕಿಯಲ್ಲಿ ಬಿಟ್ಟು ಹೋದಿರಾ ಎಂದು ಕೇಳಿದರೆ?

ತೆರೆದ ಬಾಯಿಯನ್ನು ಮೇಷ್ಟ್ರು ಹಾಗೇ ಮುಚ್ಚಿಕೊಂಡರು. ಪೆಟ್ಟಿಗೆಯನ್ನು ಮೇಡಂ ಕಾರಿನವರೆಗೆ ತಾವೇ ಹೊತ್ತುಕೊಂಡು ಹೋಗಿ ಇಟ್ಟರು.