ದೋಣಿಯ ನೀಲಿ ಪೆಟ್ಟಿಗೆ

ಗೊತ್ತಿಲ್ಲದ ವಸ್ತುವನ್ನು ಅದರ ಪಾಡಿಗೆ ಬಿಟ್ಟುಬಿಡುವ ದೊಡ್ಡ ಗುಣವನ್ನು ದೇವರು ನನಗೆ ಕೊಡಲಿಲ್ಲ. ಅದಕ್ಕಾಗಿ ಅವನನ್ನು ದೂರುವಂತೆಯೂ ಇಲ್ಲ, ಏಕೆಂದರೆ ನಾನು ಅವನನ್ನು ನಂಬುವವನಲ್ಲ. ಮನೆಯಲ್ಲಿ ಮಿಕ್ಸರಿನ ಸದ್ದು ತುಸು ಬದಲಾದರೂ ಸಾಕು, ಸ್ಕ್ರೂಡ್ರೈವರ್ ಹಿಡಿದು ಕೂತುಬಿಡುತ್ತೇನೆ. ಮತ್ತೆ ಕೂಡಿಸಿದ ಮೇಲೆ ಉಳಿಯುವ ಸ್ಕ್ರೂಗಳಿಗೆಂದೇ ನನ್ನ ಹೆಂಡತಿ ಒಂದು ಉಪ್ಪಿನಕಾಯಿ ಭರಣಿಯನ್ನು ಬಿಟ್ಟುಕೊಟ್ಟಿದ್ದಾಳೆ.

ಇಂಥ ಖ್ಯಾತಿಯಿದ್ದರೂ ಅವಳ ತಮ್ಮ ಮಂಜುನಾಥ ನನ್ನನ್ನು ಕರೆಸಿದನೆಂದರೆ ಅವನ ಕಷ್ಟ ಎಷ್ಟಿರಬೇಕು! ಹೊನ್ನಾವರದ ಶರಾವತಿಯಲ್ಲಿ ಪ್ರವಾಸಿಗರನ್ನು ಸುತ್ತಾಡಿಸಲು ಅವನು ಭಟ್ಕಳದ ದುರ್ಗಪ್ಪ ಎಂಬುವರಿಂದ ಹಳೆಯ ದೋಣಿ ಕೊಂಡಿದ್ದ. ಅದರ ಬ್ಯಾಟರಿ ಸುಮ್ಮನೆ ನಿಂತಲ್ಲೇ ಇಳಿಯುತ್ತಿತ್ತು. ಹಿಂದಿನ ವಾರ ನೀರಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ ಫೋಟೋ ತೆಗೆಯಲೆಂದು ಎಂಜಿನ್ ನಿಲ್ಲಿಸಿದರೆ ಮತ್ತೆ ಹೊರಡಲೇ ಇಲ್ಲ. ಬೇರೆಯವನ ದೋಣಿ ಹಗ್ಗ ಕಟ್ಟಿ ಎಳೆದು ತಂದಿತು. ಎಳೆದವನು ದಾರಿಯುದ್ದಕ್ಕೂ ಕೊಂಕಣಿಯಲ್ಲಿ ಹೊಗಳಿದ್ದು ಪ್ರವಾಸಿಗರಿಗೆ ತಿಳಿಯದಿದ್ದುದೊಂದೇ ಪುಣ್ಯ. “ಈ ಐತ್ವಾರವೂ ಹಿಂಗೇ ಆದ್ರೆ ದೋಣಿ ಮಾರೂದೇ ಸೈ ಭಾವ” ಎಂದ ಮಂಜುನಾಥ, ನಮ್ಮ ಮನೆಗೇ ಬಂದು. ಪಾಪ, ಅವನ ಮುಖ ನೋಡಿ ನಿಜಕ್ಕೂ ಸಂಕಟವಾಯಿತು.

ಶನಿವಾರ ಕರೆಂಟು ಅಳೆಯುವ ಮಲ್ಟಿಮೀಟರ್ ಹಿಡಿದು ಹಳದೀಪುರದಿಂದ ಬಸ್ಸು ಹತ್ತಿದೆ. ದುರ್ಗಪ್ಪನವರ ಕಾಲದ ವೈರುಗಳೆಲ್ಲ ಒಂದೇ ಬಣ್ಣದವು. ಆದರೂ ಕೆಲವು ಗುರುತಾದವು: ಇದು ಹಾರ್ನಿನ ರಿಲೇ, ಇದು ನೀರೆತ್ತುವ ಪಂಪಿನ ಸ್ವಿಚ್ಚು, ಇದು ಯಾವಾಗಲೋ ಸತ್ತ ರೇಡಿಯೋದ ಫ್ಯೂಸು. ಕೊನೆಗೆ ಸೀಟಿನಡಿ ಒಂದು ಪೆಟ್ಟಿಗೆ ಉಳಿಯಿತು. ದೋಣಿಗೆ ಬಳಿದ ನೀಲಿ ಬಣ್ಣವನ್ನೇ ಅದಕ್ಕೂ ಬಳಿದಿದ್ದರಿಂದ ಹೆಸರಿಲ್ಲ, ಗುರುತಿಲ್ಲ. ಮೇನ್ ಸ್ವಿಚ್ಚನ್ನು ತಪ್ಪಿಸಿಕೊಂಡು ಸೀದಾ ಬ್ಯಾಟರಿಗೇ ಬಾಯಿ ಹಾಕಿತ್ತು. ಅದರಿಂದ ಹೊರಟ ಎರಡು ವೈರುಗಳು ಮುಂದಿನ ಹಲಗೆಯ ಮೊಳೆಯೊಂದರ ಬಳಿ ಟೇಪು ಸುತ್ತಿಕೊಂಡು ಮುಗಿದಿದ್ದವು.

“ಕಳ್ಳ ಇವ್ನೇ. ಕತ್ತರ್ಸಿ ಒಗೀಲಾ?” ಎಂದ ಮಂಜುನಾಥ, ಕಟಿಂಗ್ ಪ್ಲಾಯರ್ ಎತ್ತಿ.

“ತಡಿ, ಎಂತದು ಅಂತ ನೋಡ್ವ. ಬ್ಯಾಟ್ರಿ ಕರೆಂಟು ಮಾರಾಯ, ಇರುವೆ ಕಚ್ಚಿದಷ್ಟೂ ಗೊತ್ತಾಗೂದಿಲ್ಲ” ಎಂದು ಉಪನ್ಯಾಸ ಕೊಡುತ್ತಲೇ ಟೇಪು ಬಿಚ್ಚಿ ತುದಿಗಳನ್ನು ಹಿಡಿದೆ. ಮುಂದೆ ನನಗೆ ನೆನಪಿರುವುದು, ಲೈಫ್ ಜಾಕೆಟ್ಟುಗಳ ರಾಶಿಯ ಮೇಲೆ ನಾನು ಕೂತಿದ್ದದ್ದು.

“ಎಂತಾತು ಭಾವ?”

“ಎಂತ ಇಲ್ಲ. ಇದು ಇನ್ವರ್ಟರು” ಎಂದೆ. ಬ್ಯಾಟರಿ ಕರೆಂಟನ್ನು ಮನೆಯ ಕರೆಂಟಾಗಿ ಮಾಡುವ ಯಂತ್ರವೆಂದು ಮೈಯೆಲ್ಲ ಸಾಕ್ಷಿ ಹೇಳುತ್ತಿತ್ತು.

ದೋಣಿಯ ಮೂತಿಗೆ ಮನೆಯ ಕರೆಂಟೇಕೆ? ದುರ್ಗಪ್ಪನವರಿಗೆ ಫೋನ್ ಮಾಡಿದೆವು. “ಓ, ಅದಾ? ದೇವ್ರ ಫೋಟೋದ ಸುತ್ತ ಮಿಣಿಮಿಣಿ ಲೈಟಿತ್ತು. ಯಾವತ್ತೂ ಆರೂಕಾಗ ಅಂದೇಳಿ ಸೀದಾ ಬ್ಯಾಟ್ರಿಗೇ ಕೊಟ್ಟಿದ್ದೆ. ದೋಣಿ ಕೊಡುವಾಗ ಫೋಟೋ, ಲೈಟು ಮನೆಗೆ ತಂದೆ. ದೇವ್ರನ್ನ ಮಾರೂಕೆ ಆತದಾ?”

“ಈಗ ಪೆಟ್ಟಿಗೆ ಕತ್ತರ್ಸಬಹುದಾ?” ಎಂದು ಕೇಳಿದ ಮಂಜುನಾಥ.

“ದೋಣಿ ನಿಮ್ದು. ನಾ ಎಂತ ಹೇಳೂದು” ಎಂದು ಅವರು ಫೋನಿಟ್ಟರು.

ಆ ಕೊನೆಯ ಮಾತೇ ಕೆಡಿಸಿತು. ಈಗಷ್ಟೇ ಕತ್ತರಿಸಲು ಹೊರಟಿದ್ದ ಮಂಜುನಾಥ ಪ್ಲಾಯರನ್ನು ನನ್ನ ಕೈಗಿಟ್ಟು, “ನೀವೇ ಕತ್ತರ್ಸಿ ಭಾವ. ನಿಮಗೆ ಹೆಂಗೂ ನಂಬಿಕೆ ಇಲ್ಲ” ಎಂದ. ಹೆಸರು ತಿಳಿಯುವವರೆಗೂ ಅದು ಬರೀ ಪೆಟ್ಟಿಗೆಯಾಗಿತ್ತು. ಪತ್ತೆ ಮಾಡಿ ಅದಕ್ಕೆ ದೇವರ ಪೆಟ್ಟಿಗೆಯೆಂಬ ಪದವಿ ಕೊಟ್ಟವನು ನಾನೇ. ಪ್ಲಾಯರ್ ಹಿಡಿದ ಕೈ ಇನ್ನೂ ಜೋಮು ಹಿಡಿದಿತ್ತು. ಹೆದರಿಕೆಯಾಯಿತು ಎಂದು ಇಲ್ಲಿ ಬರೆಯಬಲ್ಲೆ, ಅಲ್ಲಿ ಹೇಳಲಾಗಲಿಲ್ಲ. “ಒಮ್ಮೆಲೇ ಕತ್ತರ್ಸಿದ್ರೆ ಉಳಿದ ವೈರಿಂಗಿಗೆ ಪೆಟ್ಟು” ಎಂಬ ಹೊಸ ನಿಯಮವೊಂದನ್ನು ವಿಜ್ಞಾನಕ್ಕೆ ಸೇರಿಸಿದೆ.

ಪೆಟ್ಟಿಗೆಗೆಂದೇ ಬೇರೆ ಬ್ಯಾಟರಿ ಕೂಡಿಸಿದೆವು. ಭಾನುವಾರ ಎಂಜಿನ್ ನಿಲ್ಲಿಸಿದಲ್ಲೆಲ್ಲ ಮತ್ತೆ ಹೊರಟಿತು. ಮಂಜುನಾಥ ದೋಣಿ ಮಾರುವ ಮಾತು ಬಿಟ್ಟು ಆ ಮೊಳೆಗೆ ಹೊಸ ಫೋಟೋ, ಲೈಟು ತೂಗುಹಾಕಿದ. ದೇವರ ಬ್ಯಾಟರಿಯನ್ನು ಆಗಾಗ ಚಾರ್ಜು ಮಾಡಿಸಿ ತರುವ ಸೇವೆ ನನ್ನ ಪಾಲಿಗೆ ಬಂದಿದೆ. “ಮನೆ ದೇವ್ರಿಗೆ ಒಂದು ಹೂ ಏರ್ಸಿ ಅಂದ್ರೆ ಪುರುಸೊತ್ತಿಲ್ಲ ನಿಮಗೆ” ಎನ್ನುತ್ತಾಳೆ ಹೆಂಡತಿ. ಇದು ತಾಂತ್ರಿಕ ಕೆಲಸವೆಂದು ಅವಳಿಗೆ ಹೇಗೆ ತಿಳಿಸಲಿ?

ದೋಣಿ ಹತ್ತಿದಾಗಲೆಲ್ಲ ಮೊದಲು ಆ ಪೆಟ್ಟಿಗೆಯನ್ನು ಮುಟ್ಟಿ ನೋಡುತ್ತೇನೆ, ಬಿಸಿಯಾಗಿದೆಯೇ ಎಂದು ಪರೀಕ್ಷಿಸಲು. ಪರೀಕ್ಷೆ ಮುಗಿದ ಮೇಲೆ ಆ ಕೈ ನೇರವಾಗಿ ಕಣ್ಣಿಗೆ ಹೋಗಿ ಒತ್ತಿಕೊಳ್ಳುವುದೇಕೆ ಎಂಬುದು ಮಾತ್ರ ನನ್ನ ಮಲ್ಟಿಮೀಟರಿಗೂ ಪತ್ತೆಯಾಗಿಲ್ಲ.