ಬೂದು ಕಾರಿನ ಐದು ಕುಂದುಗಳು

ಗಾಡಿ ಇಷ್ಟವಾದರೂ ಮುಖದಲ್ಲಿ ತೋರಿಸಬಾರದು ಎಂದು ಶಶಿಧರ ಬಸ್ಸಿನಲ್ಲೇ ಹೇಳಿಬಿಟ್ಟ. ನವೀನ್‌ಕುಮಾರನ ಅಂದಿನ ಕಷ್ಟಗಳೆಲ್ಲ ಶುರುವಾದದ್ದು ಆ ಮಾತಿನಿಂದ. ಅವನ ಮುಖ ಯಾರ ಮಾತನ್ನೂ ಕೇಳಿದ್ದಿಲ್ಲ. ಕೊಡ್ಲಿಪೇಟೆಯ ಸಹಕಾರ ಸಂಘದ ಕೌಂಟರಿನಲ್ಲಿ ಅವನು ಕೂತಿದ್ದರೆ, ಗೊಬ್ಬರ ಬಂತೇ ಎಂದು ರೈತರು ಕೇಳುವ ಗೋಜಿಗೇ ಹೋಗುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಅವನ ಮುಖ ನೋಡಿ ವಾಪಸಾಗುತ್ತಿದ್ದರು.

"ಮುಖಾನ ಮತ್ತೆ ಹೆಂಗಿಟ್ಕೊಳ್ಲಿ?" ಎಂದು ನವೀನ್‌ಕುಮಾರ ಕೇಳಿದ.

"ಸಾವಿನ ಮನೆಗೆ ಹೋದ ಹಾಗೆ. ಗಾಡಿ ಮಾರ್ತಿರೋ ಮೊಣ್ಣಪ್ಪ ನಂಗೆ ದೂರದಲ್ಲಿ ದೊಡ್ಡಪ್ಪ ಆಗ್ಬೇಕು, ನಿಜ. ಆದ್ರೆ ವ್ಯಾಪಾರ ವ್ಯಾಪಾರವೇ ಮಾರಾಯ. ನೀನು ಹಲ್ಲು ಬಿಟ್ರೆ ಅವರು ಒಂದು ರೂಪಾಯಿ ಇಳಿಸಲ್ಲ."

ಮೊಣ್ಣಪ್ಪ ಹೇಳಿದ್ದ ಬೆಲೆ ನವೀನ್‌ಕುಮಾರನಿಗೆ ಭಾರವಾಗಿರಲೇ ಇಲ್ಲ. ಅದನ್ನು ಹೇಳಿಕೊಳ್ಳಲು ಅವನಿಗೆ ಧೈರ್ಯ ಬರಲಿಲ್ಲ. ಶಶಿಧರ ಸಂಘದಲ್ಲಿ ಅವನ ಪಕ್ಕದ ಮೇಜಿನವನು, ಕಾರಿನ ಬಗ್ಗೆ ಮೊಬೈಲಿನಲ್ಲಿ ನೂರಾರು ವಿಡಿಯೊ ನೋಡಿದವನು. ಚೌಕಾಸಿ ಮಾಡದೆ ಕೊಳ್ಳುವವನನ್ನು ಅವನು ಏನೆಂದು ಕರೆಯುತ್ತಾನೆ ಎನ್ನುವುದು ಗೊತ್ತಿತ್ತು.

ಕಾರು ಬೇಕಾದದ್ದು ದಿವ್ಯಶ್ರೀಗೆ. ಅವಳಿಗೆ ಮಾದಾಪುರದ ಹತ್ತಿರದ ಶಾಲೆಗೆ ವರ್ಗವಾಗಿತ್ತು, ಸೋಮವಾರ ಸೇರಬೇಕು. ಕೊಡ್ಲಿಪೇಟೆಯಿಂದ ಬಸ್ಸು ಬದಲಿಸಿಕೊಂಡು ಹೋದರೆ ತಲುಪುವಷ್ಟರಲ್ಲಿ ಮೊದಲ ಪೀರಿಯಡ್ಡು ಮುಗಿದಿರುತ್ತದೆ. ಅವಳಿಗೆ ಡ್ರೈವಿಂಗ್ ಚೆನ್ನಾಗಿ ಬರುತ್ತಿತ್ತು. ನವೀನ್‌ಕುಮಾರನಿಗೆ ಬರುತ್ತದೆಂದು ಲೈಸೆನ್ಸಿನಲ್ಲಿ ಬರೆದಿತ್ತು. ಆದರೆ ಅಂದು ಶನಿವಾರ, ಅವಳಿಗೆ ಹಳೆಯ ಶಾಲೆಯ ಕೊನೆಯ ದಿನ. ಬೆಳಗ್ಗೆ ಕಾಫಿ ಕೊಡುತ್ತಾ ಹೇಳಿದ್ದಳು: "ಇವತ್ತು ಗಾಡಿ ಆದ್ರೆ ಸರಿ ರೀ. ಇಲ್ಲಾಂದ್ರೆ ನಾಳೆ ಪಾಪೂನ ಕರ್ಕೊಂಡು ಸೋಮವಾರಪೇಟೆಗೆ ಅಮ್ಮನ ಮನೆಗೆ ಹೋಗ್ತೀನಿ. ಅಲ್ಲಿಂದ ಶಾಲೆ ಹತ್ರ. ಶನಿವಾರ ಶನಿವಾರ ಬರ್ತೀನಿ."

ಶನಿವಾರ ಶನಿವಾರ ಎನ್ನುವ ಮಾತು ಬಸ್ಸಿನುದ್ದಕ್ಕೂ ನವೀನ್‌ಕುಮಾರನ ಬೆನ್ನು ಬಿಡಲಿಲ್ಲ. ಆರು ದಿನಗಳ ಖಾಲಿ ಮನೆ, ಒಲೆಯ ಮೇಲೆ ಅವನೇ ಮಾಡಿದ ಉಪ್ಪಿಟ್ಟು, ಮೂಲೆಯಲ್ಲಿ ಮಗಳ ಮೂರು ಗಾಲಿಯ ಸೈಕಲ್ಲು. ಕಿಟಕಿಯಾಚೆ ಕಾಫಿ ತೋಟಗಳು ಓಡುತ್ತಿದ್ದರೆ ಅವನಿಗೆ ಕಂಡದ್ದು ಇಷ್ಟೇ.

ಮಾದಾಪುರದಲ್ಲಿ ಮೊಣ್ಣಪ್ಪನವರ ಅಂಗಳದಲ್ಲಿ ಕಾರು ನಿಂತಿತ್ತು. ಹದಿಮೂರು ವರ್ಷ ಹಳೆಯದು, ಬೂದು ಬಣ್ಣ, ಉದ್ದನೆಯ ಡಿಕ್ಕಿ, ಬಾಗಿಲ ಬಳಿ ಕಿತ್ತಳೆ ಕೊಂಬೆ ಗೀರಿದ ಒಂದು ಗೆರೆ. ಎಪ್ಪತ್ತು ದಾಟಿದ ಮೊಣ್ಣಪ್ಪ ಕೀಲಿಯನ್ನು ನವೀನ್‌ಕುಮಾರನ ಅಂಗೈಯಲ್ಲಿಟ್ಟು, ಅವನ ಬೆರಳುಗಳನ್ನು ತಾವೇ ಮಡಚಿದರು.

"ಕಣ್ಣು ಮಂಜಾಯ್ತು, ಡಾಕ್ಟ್ರು ಓಡಿಸ್ಬೇಡ ಅಂದ್ರು. ನನ್ನ ಮಗ ಮಿಲನ್ ಅವನ ಜೀಪ್ ಬಿಟ್ಟು ಇಳಿಯೋನಲ್ಲ. ಒಳ್ಳೆ ಮನೆಗೆ ಹೋಗ್ಲಿ ಅಂತ ನಂಗೆ ಆಸೆ. ನೀನು ಇವತ್ತು ಪೂರಾ ಓಡಿಸಿ ನೋಡು. ಸಂಜೆ ಬಂದು ಸರಿ ಉಂಟೋ ಇಲ್ವೋ ನೇರ ಹೇಳು. ಎಂಥದ್ದನ್ನೂ ಮುಚ್ಚಿಡ್ಬೇಡ ಮಗ."

ನವೀನ್‌ಕುಮಾರ ಸಾವಿನ ಮನೆಯ ಮುಖ ಮಾಡಲು ನೋಡಿದ. ಮೊಣ್ಣಪ್ಪನವರ ಹೆಂಡತಿ ಪೂವಮ್ಮ ಗಾಬರಿಯಾಗಿ ಒಂದು ಚೊಂಬು ನೀರು ತಂದುಕೊಟ್ಟರು.

ಗೇಟು ದಾಟುತ್ತಲೇ ಶಶಿಧರನ ಪರೀಕ್ಷೆಗಳು ಶುರುವಾದವು. ಜೇಬಿನಿಂದ ಅಯಸ್ಕಾಂತ ತೆಗೆದು ಕಾರಿನ ಮೈಗೆಲ್ಲ ಒತ್ತಿದ. ಗುದ್ದು ಮುಚ್ಚಲು ಎಲ್ಲೂ ಪುಟ್ಟಿ ಮೆತ್ತಿರಲಿಲ್ಲ, ಅಯಸ್ಕಾಂತ ದನದ ಮೈಯ ಉಣ್ಣಿಯ ಹಾಗೆ ಕಚ್ಚಿಕೊಂಡಿತು. ಬಾನೆಟ್ ಎತ್ತಿ ಆಯಿಲ್ ಕಡ್ಡಿ ಮೂಸಿದ. ಆಮೇಲೆ ಕಡಿದಾದ ಏರಿನ ನಡುವೆ ಕಾರು ನಿಲ್ಲಿಸಲು ಹೇಳಿ, ಹಿಂದೆ ಜಾರದೆ ಎತ್ತು ಎಂದ. ಹಿಂದೆ ಆಳುಗಳನ್ನು ತುಂಬಿಕೊಂಡ ಎಸ್ಟೇಟ್ ಜೀಪೊಂದು ಬಂದು ಹಾರ್ನ್ ಹೊಡೆಯತೊಡಗಿತು. ನವೀನ್‌ಕುಮಾರ ಮನೆದೇವರನ್ನು ನೆನೆದ. ಕಣ್ಣು ಮುಚ್ಚಿ ಕ್ಲಚ್ ಬಿಟ್ಟ. ಓಡಿಸುವವನು ಯಾರೆಂದು ತನಗೆ ಸಂಬಂಧವಿಲ್ಲ ಎನ್ನುವಂತೆ ಕಾರು ಮೆಲ್ಲಗೆ ಏರಿ ಹೋಯಿತು.

"ಶಶಿ! ಏನ್ ಗಾಡಿ ಮಾರಾಯ ಇದು!"

ಶಶಿಧರ ಅವನ ತೊಡೆ ಚಿವುಟಿದ. "ಮುಖ! ಮುಖ! ಜೀಪಲ್ಲಿರೋರು ನೋಡ್ತಿದ್ದಾರೆ. ಅವರೆಲ್ಲ ದೊಡ್ಡಪ್ಪನ ಪರಿಚಯದೋರು."

ಸೋಮವಾರಪೇಟೆಯಲ್ಲಿ ಮೆಕ್ಯಾನಿಕ್ ಕುಟ್ಟಪ್ಪನ ಹತ್ತಿರ ನಿಲ್ಲಿಸಿದರು. ಅವನು ಕಾರಿನಡಿ ಅರ್ಧ ಗಂಟೆ ಮಲಗಿದ್ದ. ಅವನ ಕಾಲುಗಳನ್ನೇ ನೋಡುತ್ತಾ ನವೀನ್‌ಕುಮಾರ ಆಪರೇಷನ್ ಕೋಣೆಯ ಹೊರಗೆ ನಿಂತವನಂತೆ ಉಗುರು ಕಚ್ಚಿದ. ಕುಟ್ಟಪ್ಪ ಹೊರಬಂದು ಕೈ ಒರೆಸಿಕೊಂಡ.

"ಏನೂ ಇಲ್ಲ."

"ಏನೂ ಇಲ್ಲ ಅಂದ್ರೆ?" ಶಶಿಧರನ ದನಿಯಲ್ಲಿ ನಿರಾಸೆಯಿತ್ತು. "ಸರಿಯಾಗಿ ನೋಡಪ್ಪ. ಎಲ್ಲಾದರೂ ಒಂದು ಲೀಕು, ಒಂದು ಸದ್ದು?"

"ಹಾಳಾಗಿರ್ಲೇಬೇಕು ಅಂದ್ರೆ ಹೇಳಿ, ನಾನೇ ಮಾಡಿಕೊಡ್ತೀನಿ," ಎಂದ ಕುಟ್ಟಪ್ಪ.

ಅಲ್ಲೇ ಪಕ್ಕದ ಅಂಗಡಿಯಿಂದ ಹೊಸ ನೀರಿನ ಪಂಪು ಕೊಂಡು ಬರುತ್ತಿದ್ದ ಚೆನ್ನಯ್ಯ ಇವರನ್ನು ಕಂಡ. ದಿವ್ಯಶ್ರೀಗೆ ಸೋದರಮಾವ, ಕೊಡ್ಲಿಪೇಟೆಯಲ್ಲಿ ಇವರ ಎದುರು ಮನೆ.

"ಲೇ ನವೀನ! ಯಾವಾಗ ತಗಂಡೆ?"

"ತಗಂಡಿಲ್ಲ ಮಾವ. ಸುಮ್ನೆ ನೋಡ್ತಿದೀನಿ."

"ನೋಡೋದೇನ್ ಬಂತು? ಡಿಕ್ಕಿ ತೆಗಿ."

ಪಂಪು ಹತ್ತಿತು, ಎರಡು ಮೂಟೆ ಗೊಬ್ಬರ ಹತ್ತಿತು, ಕೊನೆಗೆ ಚೆನ್ನಯ್ಯ ಹತ್ತಿದ. ಶನಿವಾರಸಂತೆಯವರೆಗೆ ಬಿಟ್ಟರೆ ಸಾಕು, ಅಲ್ಲಿಂದ ಆಟೋ ಇದೆ ಎಂದ. ದಾರಿಯಲ್ಲಿ ತೋಟದ ಬೇಲಿ ಹಾರಿ ಒಂದು ಕರು ರಸ್ತೆಗೆ ನುಗ್ಗಿತು. ನವೀನ್‌ಕುಮಾರ ಕೂಗಿಕೊಂಡ, ಕಾಲು ತಾನಾಗಿ ಬ್ರೇಕ್ ಒತ್ತಿತು. ಕಾರು ನೆಲಕ್ಕೆ ಮೊಳೆ ಹೊಡೆದಂತೆ ನಿಂತಿತು. ಕರು ಬಾನೆಟ್ಟನ್ನು ಒಮ್ಮೆ ನೆಕ್ಕಿ ಹೋಯಿತು.

"ಅಬ್ಬಬ್ಬಾ!" ಹಿಂದಿನಿಂದ ಚೆನ್ನಯ್ಯ. "ಇಷ್ಟು ಲೋಡಲ್ಲಿ ಹಿಂಗ್ ನಿಲ್ತದಲ್ಲೋ! ಕಣ್ಮುಚ್ಕೊಂಡು ತಗ."

"ಮಾವ, ಯಾರಿಗೂ ಹೇಳ್ಬೇಡಿ."

"ಯಾಕ್ಲಾ? ಕದ್ದ್ ತಗಂತಿದ್ದೀಯಾ?"

ಮೂರು ಗಂಟೆಯ ಹೊತ್ತಿಗೆ ನವೀನ್‌ಕುಮಾರನಿಗೆ ಆ ಕಾರಿನ ಮೇಲೆ ಬಂದಿದ್ದ ಪ್ರೀತಿಯನ್ನು ಮುಖದಿಂದ ಒರೆಸುವುದು ಸಾಧ್ಯವಿರಲಿಲ್ಲ. ಅದರ ಸೀಟಿನಲ್ಲಿ ಅವನು ದಿವ್ಯಶ್ರೀಯನ್ನು ಕೂರಿಸಿ ನೋಡಿದ್ದ. ಹಿಂದೆ ಮಗಳು ಕಿಟಕಿಗೆ ಮೂಗು ಒತ್ತಿ ಕೂತಿದ್ದಳು. ವಾರದ ಏಳೂ ದಿನ ಸಂಜೆ ಅದು ಮನೆಯ ಮುಂದೆ ಬಂದು ನಿಲ್ಲುತ್ತಿತ್ತು. ಈಗ ಅದು ಕೈತಪ್ಪಿದರೆ ಎನ್ನುವ ಭಯಕ್ಕೆ ಅಂಗೈ ಬೆವರಿ ಸ್ಟೀರಿಂಗ್ ಜಾರುತ್ತಿತ್ತು.

"ಹೇಳಿದ ಬೆಲೆಗೇ ತಗೊಂಡುಬಿಡ್ಲಾ ಶಶಿ?"

"ಸಂಘದಲ್ಲಿ ಎಲ್ಲರೂ ನಗ್ತಾರೆ. ನೋಡು, ನಾಲ್ಕು ಸಣ್ಣ ಕುಂದು ಹೇಳೋಣ. ಕ್ಲಚ್ ಗಟ್ಟಿ. ಎಸಿ ನಿಧಾನ. ಸ್ವಲ್ಪ ಎಡಕ್ಕೆ ಎಳೆಯುತ್ತೆ. ಏರಿನಲ್ಲಿ ಎಂಜಿನ್ ಗುಂಯ್ ಅನ್ನುತ್ತೆ. ಅಷ್ಟೇ. ದೊಡ್ಡಪ್ಪ ಐದೋ ಹತ್ತೋ ಸಾವಿರ ಇಳಿಸ್ತಾರೆ, ನಾವು ಬೇಜಾರಿಂದ ಅನ್ನೋ ಹಾಗೆ ಒಪ್ಪೋದು."

ಮಾದಾಪುರ ಬರುವವರೆಗೂ ನವೀನ್‌ಕುಮಾರ ಆ ನಾಲ್ಕನ್ನು ಮಗ್ಗಿಯಂತೆ ಹೇಳಿಕೊಂಡ.

ಅವರು ಹೋದಾಗ ಪೂವಮ್ಮ ನಡುಮನೆಯ ತೂಗುದೀಪಕ್ಕೆ ಎಣ್ಣೆ ಹಾಕಿ ಬತ್ತಿ ಹಚ್ಚುತ್ತಿದ್ದರು. ಮೊಣ್ಣಪ್ಪ ಕೈಕಾಲು ತೊಳೆದು, ಬಿಳಿ ಪಂಚೆ ಉಟ್ಟು ಕಾದಿದ್ದರು. ಆ ಮನೆಯಲ್ಲಿ ದನ ಕೊಟ್ಟರೂ ಜಾಗ ಕೊಟ್ಟರೂ ಮಾತು ಮುಗಿಯುವುದು ದೀಪದ ಮುಂದೆಯೇ. ಅಲ್ಲಿ ಆಡಿದ ಮೇಲೆ ಮಾತು ತಿರುಗಿಸುವ ಹಾಗಿಲ್ಲ.

"ಬಾ ಮಗ, ಇಲ್ಲಿ ನಿಲ್ಲು. ಈಗ ಹೇಳು, ಗಾಡಿ ಹೇಗುಂಟು?"

ದೀಪದ ವಿಷಯವನ್ನು ಶಶಿಧರ ಹೇಳಿರಲಿಲ್ಲ. ನವೀನ್‌ಕುಮಾರ ಅವನತ್ತ ನೋಡಿದ. ಶಶಿಧರ ಕಣ್ಣಿನಲ್ಲೇ ತಳ್ಳಿದ.

"ಕ್ಲಚ್ಚು ಗಟ್ಟಿ," ಎಂದ ನವೀನ್‌ಕುಮಾರ. "ಎಸಿ ನಿಧಾನ. ಎಡಕ್ಕೆ ಎಳೀತದೆ. ಏರಲ್ಲಿ ಎಂಜಿನ್ನು ಗುಂಯ್..."

ಮೊಣ್ಣಪ್ಪನವರ ಮಂಜುಗಣ್ಣು ಅವನನ್ನೇ ನೋಡುತ್ತಿತ್ತು, ಇನ್ನೂ ಏನೋ ಇದೆ ಎಂದು ಕಾಯುವ ಹಾಗೆ. ಆ ನೋಟ ತಾಳಲಾರದೆ ನವೀನ್‌ಕುಮಾರನ ಬಾಯಿ ತನ್ನಷ್ಟಕ್ಕೆ ತೆರೆಯಿತು.

"ಬ್ರೇಕೂ ಸರಿಯಿಲ್ಲ."

ಪೂವಮ್ಮನ ಕೈಯಲ್ಲಿದ್ದ ಎಣ್ಣೆಯ ಗಿಂಡಿ ದೀಪಕ್ಕೆ ತಗುಲಿ ಠಣ್ಣೆಂದಿತು.

"ಬ್ರೇಕಾ?" ಮೊಣ್ಣಪ್ಪ ಕಂಬ ಹಿಡಿದು ಕೂತರು. "ಪೂವಮ್ಮ, ಕೇಳಿದ್ಯಾ? ಹೋದ ತಿಂಗಳು ನಿನ್ನನ್ನ ಕೂರಿಸ್ಕೊಂಡು ಮಡಿಕೇರಿಗೆ ಹೋಗಿ ಬಂದೆ. ನಂಗೆ ಗೊತ್ತೇ ಆಗ್ಲಿಲ್ಲ. ಕಣ್ಣು ಹೋಯ್ತು ಅಂದ್ಕೊಂಡೆ, ಕಾಲಿನ ಅಂದಾಜೂ ಹೋಗಿ ಉಂಟು." ಆಮೇಲೆ ನವೀನ್‌ಕುಮಾರನ ಎರಡೂ ಕೈ ಹಿಡಿದುಕೊಂಡರು. "ಮೂರು ಜನ ಬಂದು ನೋಡಿ ಹೋದ್ರು. ಒಬ್ಬನೂ ಇದನ್ನ ಹೇಳ್ಲಿಲ್ಲ. ದೀಪದ ಮುಂದೆ ನಿಂತು ನೀನು ಹೇಳ್ದೆ. ಇಂಥ ಗಾಡೀನ ನಿನ್ನ ಹೆಂಡ್ತಿ ಮಗು ಓಡಾಡೋಕೆ ಕೊಟ್ಟು ನಾನು ಯಾವ ನೀರಲ್ಲಿ ಕೈ ತೊಳೀಲಿ? ಕೊಡಲ್ಲ. ಕೋಟಿ ಕೊಟ್ರೂ ನಿಂಗೆ ಮಾತ್ರ ಕೊಡಲ್ಲ."

ನವೀನ್‌ಕುಮಾರನ ಕಿವಿಯೊಳಗೆ ಏರಿನ ಎಂಜಿನ್ನಿಗಿಂತ ಜೋರಾಗಿ ಏನೋ ಗುಂಯ್ ಎಂದಿತು.

"ಇಲ್ಲ ಅಜ್ಜ, ಅಷ್ಟೇನಿಲ್ಲ. ಬ್ರೇಕ್ ಹಿಡೀತದೆ. ಚೆನ್ನಾಗೇ ಹಿಡೀತದೆ."

"ನನ್ನ ಸಮಾಧಾನಕ್ಕೆ ಹೇಳ್ಬೇಡ."

"ಸಮಾಧಾನಕ್ಕಲ್ಲ. ನಾನು ಹೇಳಿದ್ದು ಪೂರಾ ಸುಳ್ಳು! ಕ್ಲಚ್ಚೂ ಸರಿ ಇದೆ, ಎಸಿನೂ ಸರಿ ಇದೆ. ಬೆಲೆ ಇಳಿಸೋಕೆ ಹೇಳಿದ್ದು. ತಪ್ಪಾಯ್ತು."

ಮೊಣ್ಣಪ್ಪನವರ ಕಣ್ಣಲ್ಲಿ ನೀರು ಬಂತು. "ನೋಡ್ದ್ಯಾ ಪೂವಮ್ಮ? ಮುದುಕನಿಗೆ ಬೇಜಾರಾಗ್ಬಾರ್ದು ಅಂತ ಪಾಪ, ಸುಳ್ಳುಗಾರ ಅನ್ನಿಸ್ಕೊಳ್ಳೋಕೂ ತಯಾರಾಗಿದ್ದಾನೆ."

"ಒಳ್ಳೆ ಹೊಟ್ಟೇಲಿ ಹುಟ್ಟಿದ ಹುಡುಗ," ಎಂದರು ಪೂವಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು.

"ಶಶಿ! ನೀನಾದ್ರೂ ಹೇಳೋ!"

ಶಶಿಧರ ಹಿಂದಕ್ಕೆ ಒಂದು ಹೆಜ್ಜೆ ಸರಿದು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ. "ನಂಗೆ ಗಾಡಿ ವಿಷಯ ಎಂಥ ಗೊತ್ತು ದೊಡ್ಡಪ್ಪ," ಎಂದ. "ಇವನು ಕರೆದ, ಬಂದೆ."

ಅಷ್ಟರಲ್ಲಿ ನವೀನ್‌ಕುಮಾರನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ದಿವ್ಯಶ್ರೀ. ಅವನು ಗುಂಡಿ ಒತ್ತುವ ಮೊದಲೇ ಮೊಣ್ಣಪ್ಪ ಕೈ ಚಾಚಿದರು. "ಹೆಂಡ್ತಿಯಾ? ಇಲ್ಲಿ ಕೊಡು. ಇದನ್ನ ನಾನೇ ಹೇಳ್ಬೇಕು." ಹಿರಿಯರು ಕೇಳಿದ ಮೇಲೆ ಕೊಡದೆ ಇರುವುದು ಹೇಗೆಂದು ನವೀನ್‌ಕುಮಾರನಿಗೆ ತೋಚಲಿಲ್ಲ.

"ಮಗಳೇ, ನಾನು ಮೊಣ್ಣಪ್ಪ. ನಿನ್ನ ಗಂಡ ಅಪರಂಜಿ ಕಣಮ್ಮ. ಗಾಡೀಲಿ ಬ್ರೇಕ್ ಇಲ್ಲಾಂತ ದೀಪದ ಮುಂದೆ ನಿಂತು ಹೇಳಿಬಿಟ್ಟ. ಹಾಂ. ಇಲ್ಲ, ಕೊಡ್ತಾ ಇಲ್ಲ. ನೀನು ಪುಣ್ಯ ಮಾಡಿದ್ದೀಯ. ತಗೋ, ಅವನ ಹತ್ರ ಮಾತಾಡು."

ನವೀನ್‌ಕುಮಾರ ಫೋನನ್ನು ಕಿವಿಗೆ ಹಿಡಿದ.

"ಚೆನ್ನಯ್ಯ ಮಾವ ಮಧ್ಯಾಹ್ನವೇ ಬಂದಿದ್ರು," ಎಂದಳು ದಿವ್ಯಶ್ರೀ. ದನಿ ತಣ್ಣಗಿತ್ತು. "ಅಂಥ ಬ್ರೇಕು ಜನ್ಮದಲ್ಲಿ ನೋಡಿಲ್ಲ ಅಂದ್ರು. ನೀವು ಯಾರಿಗೂ ಹೇಳ್ಬೇಡಿ ಅಂದ್ರಂತೆ. ಯಾಕೆ ಅಂತ ಈಗ ಗೊತ್ತಾಯ್ತು."

"ದಿವ್ಯಾ, ಅದು ಹಂಗಲ್ಲ—"

"ನಾನು ತವರಿಗೆ ಹೋಗ್ಲಿ ಅಂತ ಇಷ್ಟು ಆಸೆ ಇದ್ರೆ ಬೆಳಗ್ಗೆ ಬಾಯಿ ಬಿಟ್ಟು ಹೇಳ್ಬಹುದಿತ್ತು ರೀ. ಪಾಪ, ಆ ಮುದುಕರ ಹತ್ರ ಸುಳ್ಳು ಹೇಳಿ ಗಾಡಿ ತಪ್ಪಿಸೋ ಅಷ್ಟು ಕಷ್ಟ ಯಾಕೆ? ನಾಳೆ ಏನು, ಈಗಲೇ ಹೊರಡ್ತೀನಿ. ಆರೂವರೆ ಬಸ್ಸಿದೆ. ಶನಿವಾರವೂ ಬರೋದು ಬೇಡ ಅಂದ್ರೆ ಅದನ್ನೂ ಆ ಅಜ್ಜನ ಕೈಲೇ ಹೇಳಿಸಿ."

ಫೋನು ನಿಂತಿತು. ಗೋಡೆಯ ಗಡಿಯಾರದಲ್ಲಿ ಆರು ಹೊಡೆಯಲು ಐದು ನಿಮಿಷವಿತ್ತು. ಬಸ್ಸಿಗೆ ಕಾದು ಹೋದರೆ ಅವನು ಸೋಮವಾರಪೇಟೆ ಮುಟ್ಟುವಷ್ಟರಲ್ಲಿ ಅವಳು ಬಸ್ಸಿಳಿದು ತವರು ಸೇರಿರುತ್ತಾಳೆ. ಕಾರಿನಲ್ಲಿ ಹೋದರೆ ಸೋಮವಾರಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ಅವಳಿಗಿಂತ ಮೊದಲೇ ನಿಂತಿರಬಹುದು.

"ಅಜ್ಜ," ಎಂದ ಕೈ ಮುಗಿದು, "ಗಾಡಿ ಮಾರೋದು ಬೇಡ ಬಿಡಿ. ಇವತ್ತೊಂದು ದಿನ ಓಡಿಸೋಕೆ ಕೊಡಿ. ಸೋಮವಾರಪೇಟೆಗೆ ಹೋಗಿ ಬಂದುಬಿಡ್ತೀನಿ."

ಮೊಣ್ಣಪ್ಪ ಕೀಲಿಯನ್ನು ಪಂಚೆಯ ಗಂಟಿಗೆ ಸಿಕ್ಕಿಸಿ ಅದರ ಮೇಲೆ ಅಂಗೈ ಇಟ್ಟುಕೊಂಡರು. "ಬ್ರೇಕ್ ಇಲ್ಲದ ಗಾಡೀಲಾ? ನನ್ನ ಉಸಿರಿರೋವರೆಗೂ ನಿನ್ನನ್ನ ಅದರಲ್ಲಿ ಕೂರೋಕೆ ಬಿಡಲ್ಲ ಮಗ."

ಒಳಗೆ ಪೂವಮ್ಮ ಬಾಳೆಲೆ ಹಾಕಿ ಕಡುಬು ಬಡಿಸತೊಡಗಿದ್ದರು. "ನಿಮ್ಮ ಮನೇಲಿ ಬಾಡು ತಿನ್ನಲ್ಲಾಂತ ಗೊತ್ತು, ಬೇರೆ ಪಾತ್ರೇಲೇ ಮಾಡಿದ್ದೀನಿ," ಎಂದು ಕೂಗಿದರು. "ಕೂತ್ಕೋ ಮಗ, ನಿಧಾನಕ್ಕೆ ಉಣ್ಣು. ಅವಸರ ಎಂಥದು? ಹೆಂಡ್ತಿಗೂ ವಿಷಯ ಗೊತ್ತಾಯ್ತಲ್ಲ."